ಕುದುರೆಯ ಕಾಲಡಿಯ ಗೀಟು

ಮದುವೆ ಗೊತ್ತಾದ ಮನೆಯಲ್ಲಿ ಹಳೆಯ ಒಡವೆಯ ಪೆಟ್ಟಿಗೆ ತಾನಾಗಿ ಹೊರಗೆ ಬರುತ್ತದೆ. ಭದ್ರಾವತಿಯ ಹೊಸಮನೆಯಲ್ಲಿ ಅಂಥದೊಂದು ಮನೆಯನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಹಿಂದಿನ ತಲೆಮಾರಿನ ಯಜಮಾನರು ಕಬ್ಬಿಣದ ಕಾರ್ಖಾನೆ ಸೇರಿ, ಸಂಬಳದಲ್ಲಿ ಉಳಿಸಿ ಉಳಿಸಿ ಕೊಂಡಿಟ್ಟ ಏಳು ಪವನುಗಳು. ಅವುಗಳಿಗೆ ಕೊಂಡಿ ಹಾಕಿಸಿ ಮಾಡಿಸಿದ ಒಂದು ಸರ. ಅತ್ತೆಯ ಕೊರಳಿನಿಂದ ಸೊಸೆಯ ಕೊರಳಿಗೆ ಬಂದ ಆ ಸರ ಈಗ ಮೊಮ್ಮಗಳ ಮದುವೆಯ ಕಾಲಕ್ಕೆ ಅಜ್ಜಿಯ ಮಡಿಲಲ್ಲಿದೆ. ಎದುರಿಗೆ ಅಕ್ಕಸಾಲಿಗ, ಅವನ ಮುಂದೆ ಪುಟ್ಟ ತಕ್ಕಡಿ.

“ಈ ಸರ ಈಗ ಯಾರು ಹಾಕ್ಕೋತಾರಮ್ಮ? ಕರಗಿಸಿದರೆ ಮಗುವಿಗೆ ಒಳ್ಳೇ ನೆಕ್ಲೇಸು ಆಗುತ್ತೆ.”

ಅವನ ಮಾತಿನಲ್ಲಿ ಮೋಸವಿಲ್ಲ. ತಕ್ಕಡಿ ಹೇಳುವುದಷ್ಟನ್ನೇ ಅವನು ಹೇಳುತ್ತಾನೆ. ಏಳು ನಾಣ್ಯಗಳ ತೂಕವೂ ಒಂದೇ, ಬಣ್ಣವೂ ಒಂದೇ. ಒಂದು ಮುಖದಲ್ಲಿ ರಾಜನ ತಲೆ, ಇನ್ನೊಂದು ಮುಖದಲ್ಲಿ ಕುದುರೆಯೇರಿ ಸರ್ಪವನ್ನು ಮೆಟ್ಟುತ್ತಿರುವ ವೀರ. ಆದರೆ ಏಳರಲ್ಲಿ ಒಂದರ ಮೇಲೆ, ಕುದುರೆಯ ಕಾಲಡಿಯ ನೆಲದ ರೇಖೆಯಲ್ಲಿ, ಇಸವಿಯ ಅಂಕಿಗಳಿಗೆ ತುಸು ಮೇಲೆ, ಎಳ್ಳಿಗಿಂತಲೂ ಚಿಕ್ಕದಾದ ಒಂದು ನೆಟ್ಟ ಗೀಟು ಇದ್ದೀತು. ಅದು ಇಂಗ್ಲಿಷಿನ ‘ಐ’ ಅಕ್ಷರ. ಇಂಡಿಯಾ ಎಂಬುದರ ಗುರುತು. ಇಸವಿ 1918. ಯುರೋಪಿನ ಒಬ್ಬ ದೊರೆಯ ಹೆಸರಿನ ಈ ಚಿನ್ನದ ನಾಣ್ಯ ನಮ್ಮ ದೇಶದಲ್ಲೇ ಅಚ್ಚಾದದ್ದಕ್ಕೆ ಆ ಗೀಟೊಂದೇ ಸಾಕ್ಷಿ. ಮೂಸೆಗೆ ಬಿದ್ದರೆ ಮೊದಲು ಅಳಿಸಿಹೋಗುವುದೂ ಅದೇ.

ಪವನಿನ ಪೂರ್ವಕಥೆ

‘ಪವನು’ ಎಂಬುದು ಇಂಗ್ಲಿಷಿನ ‘ಪೌಂಡ್’ ಎಂಬ ಮಾತು ದಕ್ಷಿಣದ ಬಾಯಲ್ಲಿ ತಾಳಿದ ರೂಪ. ನಾಣ್ಯದ ನಿಜವಾದ ಹೆಸರು ಸವರಿನ್. ಹಾಗೆಂದರೆ ಸಾರ್ವಭೌಮ. 1489ರಲ್ಲಿ ಇಂಗ್ಲೆಂಡಿನ ಏಳನೆಯ ಹೆನ್ರಿ ತಾನು ಸಿಂಹಾಸನದ ಮೇಲೆ ಕುಳಿತಿರುವ ಚಿತ್ರವಿದ್ದ ದೊಡ್ಡ ಚಿನ್ನದ ನಾಣ್ಯವೊಂದನ್ನು ಹೊರಡಿಸಿದ. ಹೆಸರು ಬಂದದ್ದು ಆ ಚಿತ್ರದಿಂದ. ಒಂದು ಶತಮಾನಕ್ಕೂ ಹೆಚ್ಚು ಕಾಲ ನಡೆದು ಆ ನಾಣ್ಯ ನಿಂತುಹೋಯಿತು.

ನೆಪೋಲಿಯನ್ನನ ಯುದ್ಧಗಳು ಮುಗಿದ ಮೇಲೆ, 1817ರಲ್ಲಿ, ಮೂರನೆಯ ಜಾರ್ಜ್ ದೊರೆಯ ಕಾಲಕ್ಕೆ ಅದೇ ಹೆಸರಿನ ಹೊಸ ನಾಣ್ಯ ಹುಟ್ಟಿತು. ಕುದುರೆಯೇರಿದ ಸೇಂಟ್ ಜಾರ್ಜನನ್ನು ಕೆತ್ತಿದವನು ಬೆನೆಡೆಟ್ಟೊ ಪಿಸ್ಟ್ರುಚಿ ಎಂಬ ಇಟಲಿಯ ಶಿಲ್ಪಿ. ತೂಕ 7.988 ಗ್ರಾಂ, ಅಡ್ಡಳತೆ 22 ಮಿಲಿಮೀಟರು, ಚಿನ್ನ 22 ಕ್ಯಾರಟ್ಟಿನದು. ಹನ್ನೆರಡರಲ್ಲಿ ಹನ್ನೊಂದು ಪಾಲು ಅಪ್ಪಟ ಹೊನ್ನು, ಒಂದು ಪಾಲು ಬೆರಕೆ. ಅಂದರೆ ಪ್ರತಿ ನಾಣ್ಯದಲ್ಲಿಯೂ 7.32 ಗ್ರಾಂ ಶುದ್ಧ ಚಿನ್ನ. ಎರಡು ಶತಮಾನಗಳಲ್ಲಿ ರಾಜರು ಬಂದರು, ಹೋದರು. ಈ ಅಳತೆ ಮಾತ್ರ ಬದಲಾಗಲಿಲ್ಲ. ದಕ್ಷಿಣದ ಅಕ್ಕಸಾಲಿಗರು ಎಂಟು ಗ್ರಾಮಿಗೆ ಒಂದು ಪವನು ಎಂದು ಲೆಕ್ಕ ಹಿಡಿಯುವುದಕ್ಕೆ ಕಾರಣ ಇದೇ. ನಾಣ್ಯ ಕೈಬಿಟ್ಟು ಹೋದರೂ ಅದರ ತೂಕ ಅಂಗಡಿಯಲ್ಲಿ ಉಳಿಯಿತು.

ಮಲೆನಾಡಿಗೆ ಬಂದ ಹೊರಗಿನ ಹೊನ್ನು

ಕನ್ನಡ ನಾಡಿಗೆ ಪರದೇಶದ ಚಿನ್ನ ಹೊಸದಲ್ಲ. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ರೋಮನ್ ಮತ್ತು ಬಿಜಾಂಟಿಯನ್ ಸಾಮ್ರಾಟರ ಚಿನ್ನದ ನಾಣ್ಯಗಳ ನಿಧಿ ದೊರೆತಿದೆ. ದಕ್ಷಿಣ ಭಾರತದಲ್ಲಿ ಸಿಕ್ಕಿರುವ ಅಂಥ ಬಿಜಾಂಟಿಯನ್ ನಾಣ್ಯಗಳಲ್ಲಿ ಹಲವಕ್ಕೆ ಸಾಮ್ರಾಟನ ತಲೆಯ ಮೇಲ್ಗಡೆ ಎರಡು ರಂಧ್ರಗಳಿವೆ. ದಾರ ಪೋಣಿಸಿ ಕೊರಳಿಗೆ ಹಾಕಿಕೊಂಡ ಗುರುತು ಅದು. ದೂರದ ಅರಸನ ಮುಖವನ್ನು ಆಭರಣ ಮಾಡಿಕೊಳ್ಳುವ ಪದ್ಧತಿಗೆ ಹೀಗೆ ಸಾವಿರದೈನೂರು ವರ್ಷಗಳ ಹಿನ್ನೆಲೆಯುಂಟು.

ಶಿವಮೊಗ್ಗ ಸೀಮೆಗೆ ಬಂದರೆ, ಇಲ್ಲಿ ಹೊನ್ನನ್ನು ಸೆಳೆದದ್ದು ಕಾಳುಮೆಣಸು. 1623ರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ರೋಮ್ ನಗರದ ಪ್ರವಾಸಿ ಗೋವೆಯ ಪೋರ್ಚುಗೀಸ್ ರಾಯಭಾರಿಯ ಜೊತೆಯಲ್ಲಿ ಘಟ್ಟ ಹತ್ತಿ ಇಕ್ಕೇರಿಗೆ ಬಂದು, ವೆಂಕಟಪ್ಪ ನಾಯಕನ ಆಸ್ಥಾನವನ್ನು ಕಂಡು ಬರೆದಿಟ್ಟಿದ್ದಾನೆ. ರಾಯಭಾರದ ಹಿಂದೆ ಇದ್ದುದು ಮೆಣಸಿನ ವ್ಯವಹಾರವೇ. ಹಡಗಿನಲ್ಲಿ ಬಂದವರಿಗೆ ಇಲ್ಲಿನ ಮೆಣಸು ಬೇಕಿತ್ತು. ಅವರ ಸರಕಿನಲ್ಲಿ ಇಲ್ಲಿಯವರಿಗೆ ಹೆಚ್ಚಾಗಿ ಬೇಕಾದದ್ದು ಚಿನ್ನ, ಬೆಳ್ಳಿ. ವೆನಿಸ್ಸಿನ ಡುಕಾಟ್ ನಾಣ್ಯ ದಕ್ಷಿಣದ ಪೇಟೆಗಳಲ್ಲಿ ಸಲೀಸಾಗಿ ನಡೆದದ್ದಕ್ಕೆ ತೂಕವೂ ನೆರವಾಯಿತು. ಅದು ಮೂರೂವರೆ ಗ್ರಾಮಿನದು. ನಮ್ಮ ವರಹವೂ ಹೆಚ್ಚುಕಡಮೆ ಅಷ್ಟೇ. ಅದರ ಮೇಲಿನ ಮನುಷ್ಯಾಕೃತಿಗಳನ್ನು ಕಂಡು ಮರಾಠಿಗರು ‘ಪುತಳಿ’ ಎಂದರು. ಕೋಲು ಹಿಡಿದು ನಿಂತವನನ್ನು ಮರ ಹತ್ತುವವನೆಂದು ಭಾವಿಸಿ ತಮಿಳರು ‘ಶಾಣಾರ್ ಕಾಸು’ ಎಂದರು.

ಕೆಳದಿಯ ಅರಸರ ಸ್ವಂತ ನಾಣ್ಯವಾದ ಇಕ್ಕೇರಿ ವರಹದಲ್ಲಿ ಒಂದು ಕಡೆ ಶಿವಪಾರ್ವತಿಯರು, ಇನ್ನೊಂದು ಕಡೆ ನಾಗರಿಯಲ್ಲಿ ‘ಶ್ರೀ ಸದಾಶಿವ’. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದಾಗ ಆ ದೇವತೆಗಳನ್ನು ಅಳಿಸಲಿಲ್ಲ. ಹಿಮ್ಮೈಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರವೊಂದನ್ನು ಒತ್ತಿಸಿದ, ಅಷ್ಟೇ. ಜನ ನಂಬಿದ ಮುಖವನ್ನು ಉಳಿಸಿಕೊಂಡು ಒಂದು ಅಕ್ಷರದಿಂದ ಅಧಿಕಾರವನ್ನು ಸೂಚಿಸುವ ಈ ಜಾಣತನವನ್ನು, ನೂರೈವತ್ತು ವರ್ಷಗಳ ಮೇಲೆ, ಮುಂಬಯಿಯ ಟಂಕಸಾಲೆಯಲ್ಲಿ ಮತ್ತೆ ಕಾಣುತ್ತೇವೆ.

ಹದಿನೈದು ರೂಪಾಯಿಯ ರಾಜ

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಲೋಕದಲ್ಲಿ ಬೆಳ್ಳಿಯ ಬೆಲೆ ಕುಸಿಯುತ್ತ ಬಂದಿತು. ಬೆಳ್ಳಿಯ ರೂಪಾಯಿಯೂ ಅದರ ಬೆನ್ನಿಗೇ ಇಳಿಯಿತು. 1893ರಲ್ಲಿ ಸರ್ಕಾರ ಟಂಕಸಾಲೆಗಳಲ್ಲಿ ಜನರ ಬೆಳ್ಳಿಗೆ ರೂಪಾಯಿ ಹೊಡೆದುಕೊಡುವುದನ್ನು ನಿಲ್ಲಿಸಿತು. 1899ರಲ್ಲಿ ಕಾಯಿದೆ ಮಾಡಿ, ಸವರಿನ್ನನ್ನು 15 ರೂಪಾಯಿಯ ಲೆಕ್ಕದಲ್ಲಿ ಭಾರತದಲ್ಲೂ ಸಲ್ಲುವ ನಾಣ್ಯವೆಂದು ಸಾರಿತು. ಮೈಸೂರು ಸಂಸ್ಥಾನದಲ್ಲೂ ಆಗ ನಡೆಯುತ್ತಿದ್ದುದು ಬ್ರಿಟಿಷ್ ಭಾರತದ ರೂಪಾಯಿಯೇ.

ಭಾರತದಲ್ಲಿ ಸಲ್ಲುವ ಚಿನ್ನದ ನಾಣ್ಯವನ್ನು ಭಾರತದಲ್ಲೇ ಅಚ್ಚು ಹಾಕಬಾರದೇಕೆ? ಈ ಪ್ರಶ್ನೆ ಆಗಲೇ ಎದ್ದಿತು. ಮುಂಬಯಿಯಲ್ಲಿ ಲಂಡನ್ನಿನ ರಾಜಟಂಕಸಾಲೆಯ ಶಾಖೆಯೊಂದನ್ನು ತೆರೆಯುವ ಯೋಚನೆ ನಡೆಯಿತು. ಲಂಡನ್ನಿನ ಖಜಾನೆಯವರು ಒಂದೊಂದಾಗಿ ಅಡ್ಡಿ ತೆಗೆದರು. ಅವರು ಎತ್ತಿ ತೋರಿದ ಕಾರಣಗಳಲ್ಲಿ ಕನ್ನಡಿಗರಿಗೆ ಸಂಬಂಧಪಟ್ಟದ್ದೊಂದಿದೆ. ಕೋಲಾರದ ಗಣಿ ಕಂಪೆನಿಗಳು ತಮ್ಮ ಚಿನ್ನವನ್ನು ಇಂಗ್ಲೆಂಡಿನಲ್ಲೇ ಮಾರುವ ಕರಾರು ಮಾಡಿಕೊಂಡಿದ್ದವು. ಹಾಗಿರುವಾಗ ಮುಂಬಯಿಯ ಟಂಕಸಾಲೆಗೆ ಕೆಲಸವೆಲ್ಲಿ? ಕೋಲಾರದ ನೆಲದಿಂದ ಬಗೆದ ಹೊನ್ನು ಹಡಗು ಹತ್ತಿ ಲಂಡನ್ನಿಗೆ ಹೋಗುತ್ತಿತ್ತು. ಲಂಡನ್ನಿನ ಸವರಿನ್ನು ಹಡಗು ಹತ್ತಿ ಮುಂಬಯಿಗೆ ಬರುತ್ತಿತ್ತು. ನಡುವಿನ ಸಾಗಣೆ, ಸಂಸ್ಕರಣೆ, ವಿಮೆಗಳ ಲಾಭ ಅಲ್ಲಿಯವರದು. ಯೋಜನೆ ಮೂಲೆಗೆ ಬಿದ್ದಿತು.

ಇತ್ತ ಜನರು ಸವರಿನ್ನನ್ನು ಒಮ್ಮೆಗೇ ಅಪ್ಪಿಕೊಳ್ಳಲಿಲ್ಲ. ಮೊದಲು ಹಂಚಿದವುಗಳಲ್ಲಿ ಬಹಳಷ್ಟು ಖಜಾನೆಗೇ ಮರಳಿದವು. ಕೆಲವೇ ವರ್ಷಗಳಲ್ಲಿ ಬೇಡಿಕೆ ಏರಿತು. ಆದರೆ ಕೈಗೆ ಬಂದ ಚಿನ್ನ ಪೇಟೆಯಲ್ಲಿ ಉಳಿಯಲಿಲ್ಲ. ಪೆಟ್ಟಿಗೆ ಸೇರಿತು, ಕೊರಳು ಸೇರಿತು. ಅರ್ಥಶಾಸ್ತ್ರಜ್ಞ ಕೇನ್ಸ್ 1913ರಲ್ಲಿ ಭಾರತದ ನಾಣ್ಯವ್ಯವಸ್ಥೆಯನ್ನು ಕುರಿತು ಬರೆದಾಗ ಈ ಕೂಡಿಡುವ ಅಭ್ಯಾಸವನ್ನು ದೇಶದ ಹಣಕಾಸಿಗೆ ನಷ್ಟವೆಂದೇ ಕಂಡ. ಬ್ಯಾಂಕಿನ ಪುಸ್ತಕವಾಗಲಿ ಆಸ್ತಿಯ ಪತ್ರವಾಗಲಿ ತನ್ನ ಹೆಸರಿನಲ್ಲಿ ಇಲ್ಲದ ಹೆಣ್ಣಿನ ಪಾಲಿಗೆ ಕೊರಳಿನ ಪವನು ಏನಾಗಿತ್ತೆಂಬುದನ್ನು ಲಂಡನ್ನಿನಿಂದ ಕಾಣುವುದು ಸುಲಭವಲ್ಲ. ಗಂಡಸಿನ ಸಾಲಕ್ಕೆ ಸಿಕ್ಕದ, ಕಷ್ಟಕಾಲಕ್ಕೆ ಒಂದೊಂದಾಗಿ ಬಿಡಿಸಿ ಮಾರಬಹುದಾದ ಸ್ತ್ರೀಧನ ಅದು.

ಎಂಟು ತಿಂಗಳ ಶಾಖೆ

ಶಾಂತಿಕಾಲದಲ್ಲಿ ಆಗದ್ದನ್ನು ಮಹಾಯುದ್ಧ ಮಾಡಿಸಿತು. ಯುದ್ಧಕ್ಕಾಗಿ ಭಾರತದಿಂದ ಧಾನ್ಯ, ಸೆಣಬು, ತೊಗಲು ಅಪಾರವಾಗಿ ಹೋದವು. ಅದಕ್ಕೆಲ್ಲ ಇಲ್ಲಿ ರೂಪಾಯಿ ತೆರಬೇಕಾಯಿತು. ಬೆಳ್ಳಿ ಸಾಲದಾಯಿತು. 1917ರ ಕೊನೆಗೆ ಒಂದು ರೂಪಾಯಿಯ ನೋಟು ಬಂದಿತು. ಅದರ ಹಿಂದೆಯೇ ಎರಡೂವರೆ ರೂಪಾಯಿಯ ನೋಟೂ ಬಂದಿತು. ಕಾಗದ ಕೊಟ್ಟು ಬೆಳ್ಳಿ ಕೇಳುವವರ ಸಾಲು ಬೆಳೆಯಿತು. 1918ರ ಏಪ್ರಿಲ್ಲಿನಲ್ಲಿ ಅಮೆರಿಕವು ಪಿಟ್‌ಮನ್ ಕಾಯಿದೆಯ ಮೂಲಕ ತನ್ನ ಖಜಾನೆಯಿಂದ 20 ಕೋಟಿ ಔನ್ಸುಗಳವರೆಗೆ ಬೆಳ್ಳಿ ಮಾರಲು ಒಪ್ಪಿದ ಮೇಲೆಯೇ ಭಾರತದ ಸರ್ಕಾರ ಉಸಿರಾಡಿತು.

ಆ ಇಕ್ಕಟ್ಟಿನಲ್ಲಿ ಕೈಯಲ್ಲಿದ್ದ ಚಿನ್ನವನ್ನೂ ನಾಣ್ಯವಾಗಿ ಹೊರಡಿಸಬೇಕಾಯಿತು. ಸಮುದ್ರದ ಅಡಿಯಲ್ಲಿ ಜರ್ಮನರ ಜಲಾಂತರ್ಗಾಮಿಗಳು ಕಾದಿದ್ದಾಗ ಚಿನ್ನವನ್ನು ಲಂಡನ್ನಿಗೆ ಕಳುಹಿಸಿ ತರಿಸುವುದು ಜಾಣತನವಾಗಿರಲಿಲ್ಲ. ಮುಂಬಯಿಯ ಟಂಕಸಾಲೆ ಮೊದಲು 15 ರೂಪಾಯಿಯ ಚಿನ್ನದ ಮೊಹರನ್ನು ಹೊಡೆಯಿತು. ಅದರ ತೂಕ, ಕಸ ಎರಡೂ ಸವರಿನ್ನಿನವೇ. ಸುಮಾರು 21 ಲಕ್ಷ ಮೊಹರುಗಳು ಹೊರಬಂದವು. 1918ರ ಆಗಸ್ಟಿನಲ್ಲಿ ರಾಜಟಂಕಸಾಲೆಯ ಶಾಖೆ ಅಲ್ಲೇ ತೆರೆದು, ಗೀಟಿನ ಗುರುತಿನ ಸವರಿನ್ ಅಚ್ಚಾಗತೊಡಗಿತು. ಸುಮಾರು 13 ಲಕ್ಷ ನಾಣ್ಯಗಳು ಆದವು. ಸಿಬ್ಬಂದಿಯನ್ನು ಒದಗಿಸುವುದು ತೊಡಕಾಗಿ 1919ರ ಏಪ್ರಿಲ್ಲಿನಲ್ಲಿ ಶಾಖೆ ಮುಚ್ಚಿತು. ಆದ್ದರಿಂದ ಆ ಹಳೆಯ ಗೀಟಿನ ನಾಣ್ಯಕ್ಕೆ 1918 ಎಂಬ ಇಸವಿಯೊಂದೇ.

ಐದನೆಯ ಜಾರ್ಜನನ್ನು ‘ಇಂಡಿಯಾದ ಸಾಮ್ರಾಟ’ ಎಂದು ಲ್ಯಾಟಿನ್ನಿನಲ್ಲಿ ಸಾರುವ ನಾಣ್ಯ ಇಂಡಿಯಾದಲ್ಲಿ ಅಚ್ಚಾದದ್ದು ಈ ಎಂಟು ತಿಂಗಳು ಮಾತ್ರ. ಅವು ಯುರೋಪಿನ ರಾಜಯುಗವೇ ಮುರಿದುಬಿದ್ದ ತಿಂಗಳುಗಳು. ರಷ್ಯದ ಝಾರನ ಪಟ್ಟ ಹಿಂದಿನ ವರ್ಷವೇ ಹೋಗಿತ್ತು. ನವೆಂಬರ್ 9ರಂದು ಜರ್ಮನಿಯ ಕೈಸರನ ಪದತ್ಯಾಗ ಘೋಷಿತವಾಯಿತು. ಎರಡು ದಿನ ಕಳೆದು ಆಸ್ಟ್ರಿಯದ ಚಕ್ರವರ್ತಿ ರಾಜ್ಯಭಾರ ಬಿಟ್ಟುಕೊಟ್ಟ. ಮುಂಬಯಿಯ ಯಂತ್ರ ಮಾತ್ರ ಒಬ್ಬ ಚಕ್ರವರ್ತಿಯ ತಲೆಯನ್ನು ಚಿನ್ನದ ಮೇಲೆ ಒತ್ತುತ್ತಲೇ ಇತ್ತು.

ಅದೇ 1918ರಲ್ಲಿ ಮೈಸೂರು ಸಂಸ್ಥಾನ ಮಾಡಿದ ಇನ್ನೊಂದು ಕೆಲಸವನ್ನು ಭದ್ರಾವತಿಯವರು ಮರೆತಿಲ್ಲ. ಹಿಂದೆ ಬೆಂಕಿಪುರವೆಂದು ಕರೆಯುತ್ತಿದ್ದ ಆ ಊರಿನಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಆ ವರ್ಷವೇ ಮೊದಲಾಯಿತು. 1923ರಲ್ಲಿ ಕಬ್ಬಿಣ ಇಳಿಯಿತು. ಅದರ ಹಿಂದಿದ್ದ ಸಂಕಲ್ಪ ವಿಶ್ವೇಶ್ವರಯ್ಯನವರದು. ಆ ಕುಲುಮೆಯ ಸಂಬಳ ಎಷ್ಟೋ ಮನೆಗಳಲ್ಲಿ ಪವನಾಗಿ ಗಟ್ಟಿಗೊಂಡಿತು. ಕಬ್ಬಿಣವೂ ಗೀಟಿನ ಚಿನ್ನವೂ ಹೀಗೆ ಒಂದೇ ವರ್ಷದ ಕೂಸುಗಳು.

ಮೂಸೆಯ ಪಾಲು

13 ಲಕ್ಷವೆಂದರೆ ಕಡಮೆಯೇನಲ್ಲ. ಹಾಗಾದರೆ ಈ ನಾಣ್ಯ ಅಪೂರ್ವವೆನ್ನುವುದೇಕೆ? ಉತ್ತರ ಹುಡುಕಬೇಕಾದದ್ದು ಮುಂದಿನ ಮುಕ್ಕಾಲು ಶತಮಾನದಲ್ಲಿ.

1920ರಲ್ಲಿ ಸರ್ಕಾರ ಸವರಿನ್ನಿನ ಬೆಲೆಯನ್ನು 15 ರೂಪಾಯಿಯಿಂದ 10ಕ್ಕೆ ಇಳಿಸಿತು. ಪೇಟೆಯಲ್ಲಿ ಅದರೊಳಗಿನ ಚಿನ್ನದ ಬೆಲೆ ಅದಕ್ಕಿಂತ ಹೆಚ್ಚು. ಹತ್ತು ರೂಪಾಯಿಗೆ ಅದನ್ನು ಕೊಟ್ಟು ಸಾಮಾನು ಕೊಳ್ಳುವ ಮೂರ್ಖರಾರು? ನಾಣ್ಯವೆಂಬ ಹೆಸರು ಉಳಿಯಿತು, ನಾಣ್ಯದ ಓಡಾಟ ನಿಂತಿತು. 1927ರ ಕಾಯಿದೆಯಿಂದ ಅದು ಸಲ್ಲುವ ನಾಣ್ಯವಾಗಿಯೂ ಉಳಿಯಲಿಲ್ಲ. ಖಜಾನೆಯಲ್ಲಿ 13 ರೂಪಾಯಿ 5 ಆಣೆ 4 ಪೈ ಲೆಕ್ಕದಲ್ಲಿ ಕೊಳ್ಳುವ ಲೋಹವಾಯಿತು. 1931ರ ಸೆಪ್ಟೆಂಬರಿನಲ್ಲಿ ಬ್ರಿಟನ್ನು ಚಿನ್ನದ ಮಟ್ಟವನ್ನು ಬಿಟ್ಟಿತು. ಚಿನ್ನದ ಬೆಲೆ ಏರಿತು. ಇತ್ತ ಬೆಳೆಯ ಬೆಲೆ ನೆಲಕಚ್ಚಿತ್ತು, ಕಂದಾಯ ಮಾತ್ರ ಇಳಿದಿರಲಿಲ್ಲ. ಹಳ್ಳಿಯ ಹೆಣ್ಣುಮಕ್ಕಳ ಕೊರಳಿನಿಂದ ಇಳಿದ ಚಿನ್ನ ಮುಂಬಯಿಗೆ ಹೋಗಿ ಹಡಗು ಹತ್ತಿತು. ಅರ್ಥಶಾಸ್ತ್ರಜ್ಞರು ಅದಕ್ಕೆ ‘ಸಂಕಟದ ಚಿನ್ನ’ ಎಂದು ಹೆಸರಿಟ್ಟರು. ಹೆಸರು ಸರಿಯಾಗಿಯೇ ಇದೆ.

ಸ್ವಾತಂತ್ರ್ಯ ಬಂದ ಮೇಲೆ, ಚೀನಾ ಯುದ್ಧದ ಬೆನ್ನಿಗೆ, 1963ರಲ್ಲಿ ಚಿನ್ನದ ನಿಯಂತ್ರಣದ ಕಟ್ಟಳೆಗಳು ಬಂದವು. 14 ಕ್ಯಾರಟ್ಟಿಗಿಂತ ಮೇಲಿನ ಹೊಸ ಒಡವೆ ಮಾಡಬಾರದೆಂಬ ನಿಯಮದಿಂದ ಅಕ್ಕಸಾಲಿಗರ ಕುಲುಮೆಗಳು ತಣ್ಣಗಾದವು. 1968ರಲ್ಲಿ ಅದು ಕಾಯಿದೆಯೇ ಆಯಿತು. 1990ರಲ್ಲಿ ರದ್ದಾಯಿತು. ಇಷ್ಟೆಲ್ಲದರ ನಡುವೆ ಎಷ್ಟು ಪವನುಗಳು ಬಳೆಯಾದವು, ಸರವಾದವು, ಗಟ್ಟಿಯಾದವು! ಲಂಡನ್ನಿನ ಪವನಿಗೂ ಮುಂಬಯಿಯ ಪವನಿಗೂ ಮೂಸೆ ಭೇದ ಎಣಿಸಲಿಲ್ಲ.

ಬೇರೆ ದೇಶಗಳಲ್ಲಿಯೂ ನಡೆದದ್ದು ಇದೇ. 1917ರಲ್ಲಿ ಲಂಡನ್ನಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸವರಿನ್ ಅಚ್ಚಾದವು. ಅವುಗಳಲ್ಲಿ ಬಹುಪಾಲು ಯುದ್ಧದ ಸಾಮಗ್ರಿಯ ಬೆಲೆಯಾಗಿ ಅಮೆರಿಕಕ್ಕೆ ಹೋಗಿ ಕರಗಿದವು. ಇಂದು ಆ ಇಸವಿಯ ಲಂಡನ್ ನಾಣ್ಯ ಸಿಗುವುದೇ ದುರ್ಲಭ. ಹುಟ್ಟುವಾಗಲೇ ಅಪೂರ್ವವಾದವೂ ಉಂಟು. 1819ರಲ್ಲಿ ಅಚ್ಚಾದ ಸವರಿನ್ನುಗಳು 3,574 ಮಾತ್ರ. ಪ್ರೇಮಕ್ಕಾಗಿ ಸಿಂಹಾಸನ ಬಿಟ್ಟ ಎಂಟನೆಯ ಎಡ್ವರ್ಡ್ ರಾಜನಾಗಿದ್ದದ್ದು 1936ರ ಜನವರಿ 20ರಿಂದ ಡಿಸೆಂಬರ್ 11ರವರೆಗೆ. 1937ರ ಇಸವಿ ಹಾಕಿ ಸಿದ್ಧವಾಗಿದ್ದ ಅವನ ಸವರಿನ್ ಚಲಾವಣೆಗೆ ಬರಲೇ ಇಲ್ಲ. ಮಾದರಿಗೆಂದು ಹೊಡೆದ ಬೆರಳೆಣಿಕೆಯವುಗಳಲ್ಲಿ ಒಂದು 2020ರಲ್ಲಿ ಹತ್ತು ಲಕ್ಷ ಪೌಂಡಿಗೆ ಮಾರಿತು.

ಮುಂಬಯಿಯ ನಾಣ್ಯ ಆ ಪಂಕ್ತಿಯದಲ್ಲ. ಅದು ಸಿಕ್ಕಿತೆಂದು ಯಾರೂ ಕೋಟ್ಯಧೀಶರಾಗರು. ಸಂಗ್ರಾಹಕರು ಸಾಮಾನ್ಯ ಸವರಿನ್ನಿಗಿಂತ ತುಸು ಹೆಚ್ಚು ಕೊಟ್ಟಾರು. ಅದರ ಹಿರಿಮೆ ಬೇರೆ ಬಗೆಯದು. ಕೋಲಾರದ ಚಿನ್ನ ತೋರಿಸಿ ಇಲ್ಲವೆನ್ನಿಸಿಕೊಂಡ ಟಂಕಸಾಲೆ ಕೊನೆಗೂ ನಡೆದದ್ದಕ್ಕೆ ಲೋಹದಲ್ಲಿ ಉಳಿದ ದಾಖಲೆ ಅದು. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. 2013ರಿಂದ ಲಂಡನ್ನಿನ ಪರವಾನಗಿ ಪಡೆದು ಭಾರತದಲ್ಲಿ ಮತ್ತೆ ಸವರಿನ್ ಅಚ್ಚಾಗಿದೆ, ಅದರ ಮೇಲೂ ಅದೇ ಗೀಟು ಇದೆ. ಆದರೆ 1918 ಎಂಬ ಅಂಕಿ ಮತ್ತೆ ಬರಲಾರದು.

ಕರಗಿಸುವ ಮುನ್ನ

ಮನೆಯಲ್ಲಿ ಪವನಿದ್ದವರು ಮಾಡಬೇಕಾದದ್ದು ದೊಡ್ಡದೇನಲ್ಲ. ಹಗಲು ಬೆಳಕಿನಲ್ಲಿ ಭೂತಗನ್ನಡಿ ಹಿಡಿದು, ಕುದುರೆಯ ಕೆಳಗಿನ ನೆಲದ ರೇಖೆಯ ನಡುವೆ ನೋಡಬೇಕು. ಐದನೆಯ ಜಾರ್ಜನ ಕಾಲದ ನಾಣ್ಯದಲ್ಲಿ ಅಲ್ಲಿ ಏನೂ ಇಲ್ಲದಿದ್ದರೆ ಅದು ಲಂಡನ್ನಿನದು. ‘ಎಸ್’ ಇದ್ದರೆ ಸಿಡ್ನಿ, ‘ಎಂ’ ಇದ್ದರೆ ಮೆಲ್ಬರ್ನ್, ‘ಪಿ’ ಇದ್ದರೆ ಪರ್ತ್, ‘ಸಿ’ ಇದ್ದರೆ ಕೆನಡದ ಒಟ್ಟಾವ, ‘ಎಸ್‌ಎ’ ಇದ್ದರೆ ದಕ್ಷಿಣ ಆಫ್ರಿಕ. ಬರಿಯ ಗೀಟಿದ್ದರೆ ಮುಂಬಯಿ.

ನಾಣ್ಯವನ್ನು ಹುಣಿಸೆಹುಳಿಯಿಂದಲೋ ಪುಡಿಯಿಂದಲೋ ಉಜ್ಜಬಾರದು. ಹೊಳಪು ಬರುತ್ತದೆ, ಅಚ್ಚಿನ ನವಿರು ಹೋಗುತ್ತದೆ. ಬೆಸುಗೆ ಹಾಕಿ ಕೊಂಡಿ ಕೂರಿಸಿದ ನಾಣ್ಯಕ್ಕೆ ಸಂಗ್ರಾಹಕರ ಬೆಲೆ ಬಹಳ ಇಳಿಯುತ್ತದೆ. ಅಂಚು ಹಿಡಿಯುವ ಚೌಕಟ್ಟಿನೊಳಗೆ ಬೆಸುಗೆಯಿಲ್ಲದೆ ಕೂರಿಸಿದ್ದಾದರೆ ನಾಣ್ಯಕ್ಕೆ ಕೇಡಿಲ್ಲ. ನಕಲಿಯ ಭಯವೂ ಉಂಟು. ಎರಡನೆಯ ಮಹಾಯುದ್ಧದ ಬಳಿಕ ನಿಜವಾದ ಚಿನ್ನದಲ್ಲೇ ಹೊಡೆದ ಕಳ್ಳ ಸವರಿನ್ನುಗಳು ಹೊರಬಂದುವು. 1957ರಲ್ಲಿ ಲಂಡನ್ ಟಂಕಸಾಲೆ ಮತ್ತೆ ಸವರಿನ್ ಹೊಡೆಯಲು ತೊಡಗಿದ್ದಕ್ಕೆ ಈ ಹಾವಳಿಯೂ ಒಂದು ಕಾರಣ. ತೂಕ, ಅಡ್ಡಳತೆ, ಅಚ್ಚಿನ ತೀಕ್ಷ್ಣತೆ ಮೂರನ್ನೂ ಪರೀಕ್ಷಿಸಿಯೇ ನಂಬಬೇಕು.

ಕಾನೂನಿನ ಮಾತೂ ಒಂದಿದೆ. 1972ರ ಕಾಯಿದೆಯಂತೆ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು. ಮನೆಯಲ್ಲಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ, ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. 1918ರ ಪವನು ಆ ವಯಸ್ಸನ್ನು ಈಗಾಗಲೇ ದಾಟಿದೆ.

ಮತ್ತೆ ಹೊಸಮನೆಯ ಆ ಜಗಲಿಗೆ ಬರೋಣ. ಮೊಮ್ಮಗಳ ಕೊರಳಿಗೆ ಹೊಸ ಒಡವೆ ಬೇಕೆನ್ನುವುದು ತಪ್ಪಲ್ಲ. ಕಷ್ಟಕ್ಕೂ ಸುಖಕ್ಕೂ ಒದಗಲೆಂದೇ ಹಿರಿಯರು ಪವನನ್ನು ಕೂಡಿಟ್ಟದ್ದು. ಆದರೆ ಏಳರಲ್ಲಿ ಆರನ್ನು ಕರಗಿಸಿದರೂ ಒಡವೆಯಾದೀತು. ಏಳನೆಯದನ್ನು ಉಳಿಸಿಕೊಳ್ಳಬೇಕೇ ಬೇಡವೇ ಎಂಬುದು ಮನೆಯವರ ಇಚ್ಛೆ. ಏಳನೆಯದು ಯಾವುದೆಂಬುದಾದರೂ ಮೊದಲು ತಿಳಿದಿರಬೇಕು.

ಅಕ್ಕಸಾಲಿಗ ತಕ್ಕಡಿ ಎತ್ತುವ ಮುನ್ನ ಅಜ್ಜಿ ಕೈ ಅಡ್ಡ ಹಿಡಿದು, “ಒಂದು ಗಳಿಗೆ ತಡಿಯಪ್ಪ” ಎಂದು ಮೊಮ್ಮಗಳ ಕಡೆ ತಿರುಗಿದರೆ ಸಾಕು. “ಪುಟ್ಟಿ, ನಿನ್ನ ಕಣ್ಣು ಚೆನ್ನಾಗಿದೆ. ಆ ಕುದುರೆ ಕಾಲ ಕೆಳಗೆ ಏನಿದೆ, ನೋಡಿ ಹೇಳು.”